ಮೈಕು ಕೆಟ್ಟಾಗ ದನಿ ಎಲ್ಲಿ ಹೋಯಿತು?

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಬೆಳಿಗ್ಗೆ ಎದ್ದ ಮೇಲೆ ತಣ್ಣಗಾಗಬಹುದು ಅಂದುಕೊಂಡಿದ್ದೆ, ಆಗಿಲ್ಲ.

ನಮ್ಮ ದಾವಣಗೆರೆಯಲ್ಲಿ ಈಗ ಆ್ಯಕ್ಟಿಂಗ್ ಕಲಿಸುವವರಿಗೆ ಕೊರತೆಯಿಲ್ಲ. ಪಿ.ಬಿ. ರೋಡಿನ ಗೋಡೆ ಮೇಲೆ, ಆಟೋಗಳ ಹಿಂದೆ, ವಾಟ್ಸಾಪ್ ಗ್ರೂಪುಗಳಲ್ಲಿ ಎಲ್ಲಿ ನೋಡಿದರೂ ಅವರದೇ ಪೋಸ್ಟರು. ಮೂರು ತಿಂಗಳ ಕೋರ್ಸು, ಸರ್ಟಿಫಿಕೇಟು, ಸೀರಿಯಲ್‌ನಲ್ಲಿ ಚಾನ್ಸು. ಆ ಮೂರನೇ ಮಾತಿಗೇ ಜನ ದುಡ್ಡು ಕೊಡುವುದು. ಕಲಿಕೆಗೆ ಯಾರೂ ಕೊಡುತ್ತಿಲ್ಲ, ಚಾನ್ಸಿಗೆ ಕೊಡುತ್ತಿದ್ದಾರೆ.

ನಿನ್ನೆ ಅಂಥದ್ದೇ ಒಂದು ಅಕಾಡೆಮಿಯ ಕೋರ್ಸು ಮುಗಿಸಿದ ಮಕ್ಕಳ ಕಾರ್ಯಕ್ರಮ ಇತ್ತು, ಒಂದು ಕಲ್ಯಾಣ ಮಂಟಪದಲ್ಲಿ. ನನ್ನ ಹಳೇ ವಿದ್ಯಾರ್ಥಿನಿಯೊಬ್ಬಳು ಮನೆಗೇ ಬಂದು ಕರೆದಿದ್ದಳು. ಎಂಟನೇ ಕ್ಲಾಸಿನಲ್ಲಿದ್ದಾಗ ಅವಳ ಕೈಲಿ ಪದ್ಯ ಓದಿಸಿದರೆ ಪಕ್ಕದ ಸೆಕ್ಷನ್ನಿನ ಮಕ್ಕಳು ಕಿಟಕಿಯಲ್ಲಿ ಇಣುಕುತ್ತಿದ್ದರು. ಅಂಥ ಗಂಟಲು ಆ ಹುಡುಗಿಯದು. ಕಲಿಸಿ ಬಂದದ್ದಲ್ಲ, ಅವರಜ್ಜಿ ಸೋಬಾನೆ ಹಾಡುತ್ತಿದ್ದರಂತೆ, ಅಲ್ಲಿಂದ ಬಂದದ್ದು.

ಅವಳ ಸರದಿ ಬಂತು. ಕೆನ್ನೆಗೆ ಮೈಕು ಅಂಟಿಸಿದ್ದರು. ಹಿಂದೆ ಪಿಟೀಲಿನ ಮ್ಯೂಸಿಕ್. ಮಗನನ್ನು ಕಳಕೊಂಡ ತಾಯಿಯ ದೃಶ್ಯ. ನಾಲ್ಕು ಮಾತು ಆಡಿದಳು, ಅಷ್ಟರಲ್ಲಿ ಮೈಕು ಕೈಕೊಟ್ಟಿತು. ಮ್ಯೂಸಿಕ್ ಬರುತ್ತಲೇ ಇದೆ. ಹುಡುಗಿಯ ತುಟಿ ಒಂದೆರಡು ಸಲ ಅಲ್ಲಾಡಿತು, ನಿಂತುಬಿಟ್ಟಿತು. ಕಣ್ಣು ಮಿಕ್ಸರ್ ಹತ್ತಿರ ಕೂತಿದ್ದ ಹುಡುಗನ ಕಡೆ ಹೋಯಿತು. ಸೈಡ್‌ವಿಂಗಿನಿಂದ ಮೇಷ್ಟ್ರು "ಇರು, ಇರು" ಅಂತ ಕೈ ಮಾಡಿದರು. ಅಷ್ಟೂ ಹೊತ್ತು ಆ ತಾಯಿ, ಮಗನನ್ನು ಕಳಕೊಂಡ ತಾಯಿ, ಸೆರಗು ಹಿಡಿದು ಸುಮ್ಮನೆ ನಿಂತಿದ್ದಳು. ಮೈಕು ಸರಿಯಾದ ಮೇಲೆ ಮೊದಲಿನಿಂದ ಶುರು ಮಾಡಿದಳು. ಜನ ಚಪ್ಪಾಳೆ ಹೊಡೆದರು.

ಮುಗಿದ ಮೇಲೆ ಹತ್ತಿರ ಹೋಗಿ ಕೇಳಿದೆ, "ಯಾಕವ್ವ ನಿಲ್ಲಿಸಿದೆ? ಮಂಟಪ ಇರೋದೇ ಇಷ್ಟು. ನಿನ್ನ ದನಿ ಬಾಗಿಲ ತನಕ ಕೇಳ್ತಿತ್ತಲ್ಲ?"

"ಮೈಕ್ ಇರಲಿಲ್ಲಲ್ಲ ಮೇಡಂ. ಮೈಕ್ ಇಲ್ದೆ ಗಟ್ಟಿಯಾಗಿ ಮಾತಾಡಿದ್ರೆ ಗಂಟ್ಲು ಕೆಡ್ತೈತಿ ಅಂದಾರೆ ನಮ್ ಸರ್ರು."

ಏನು ಹೇಳಲಿ ಇದಕ್ಕೆ? ಇದ್ದ ದನಿಯನ್ನೂ ಕಿತ್ತುಕೊಂಡು ಕಳಿಸಿದ್ದಾರೆ. ಮೂರು ತಿಂಗಳಲ್ಲಿ ಏನೇನು ಕಲಿಸಿದರು ಅಂತ ಕೇಳಿದೆ. ಫೋಟೋಶೂಟು, ರೀಲ್ಸು, ನವರಸ. ನವರಸ ಅಂದರೆ ಒಂಬತ್ತು ಮುಖ ಮಾಡಿ ಒಂಬತ್ತು ಫೋಟೋ ತೆಗೆಸಿಕೊಳ್ಳುವುದು. ಆ ಫೋಟೋ ಆಲ್ಬಮ್ಮಿಗೆ ಫೀಸಿನ ಮೇಲೆ ಬೇರೆ ದುಡ್ಡು. ಒಂದು ನಾಟಕ ಪೂರ್ತಿ ಓದಿದ್ದೀಯಾ? ಇಲ್ಲ. ಒಂದು ನಾಟಕ ನೋಡಿದ್ದೀಯಾ? ಜಾತ್ರೆಯಲ್ಲಿ ಚಿಕ್ಕವಳಿದ್ದಾಗ ನೋಡಿದ್ದಂತೆ. ಅವರವ್ವ ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕೆ ಹೋಗುವವರು, ಸಂಘದಲ್ಲಿ ಸಾಲ ಎತ್ತಿ ಫೀಸು ಕಟ್ಟಿದ್ದಾರೆ. ಭಟ್ಟಿ ಹೊಗೆಯಲ್ಲಿ ದುಡಿದು ಕೆಮ್ಮುವ ಆ ಹೆಣ್ಣುಮಗಳು ನನ್ನ ಕೈ ಹಿಡಿದು, "ಮಗಳಿಗೆ ಚಾನ್ಸ್ ಸಿಗ್ತೈತಲ್ರೀ ಮೇಡಂ?" ಅಂದರು. ನನಗೆ ಬಾಯಿ ಬರಲಿಲ್ಲ.

ನಾನೂ ಒಂದು ರಂಗಶಾಲೆಯಲ್ಲಿ ಕಲಿತವಳು. ಅಲ್ಲಿಗೆ ಹೋದ ಮೊದಲ ವಾರ ನಮಗೆ ಪಾರ್ಟು ಕೊಡಲಿಲ್ಲ, ಕನ್ನಡಿ ಮುಂದೆ ನಿಲ್ಲಿಸಲಿಲ್ಲ. ಬೆಳಗಾಗುವ ಮುಂಚೆ ಎಬ್ಬಿಸಿ ಬಯಲಿಗೆ ಕರಕೊಂಡು ಹೋಗಿ ಉಸಿರಾಡುವುದು ಕಲಿಸಿದರು. ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ ಮಾತಾಡಿಸುವುದು, ದಿನಾ ಸ್ವಲ್ಪ ಸ್ವಲ್ಪ ದೂರ ಮಾಡುವುದು. ಕಿರುಚಿದರೆ ಬೈಗುಳ. ಕಿರುಚದೆ ದೂರ ಮುಟ್ಟಿಸಬೇಕು, ಅದೇ ವಿದ್ಯೆ. ಆಮೇಲೆ ಭಾಮಿನಿ ಷಟ್ಪದಿ ಓದಿಸಿದರು, ಆರು ಸಾಲಿನ ಹಳೇ ಪದ್ಯದ ಛಂದಸ್ಸು ಅದು. ಮೊದಲ ಎರಡು ಸಾಲು 14 ಮಾತ್ರೆ (ಒಂದು ಹ್ರಸ್ವ ಅಕ್ಷರ ನುಡಿಯುವಷ್ಟು ಹೊತ್ತು ಒಂದು ಮಾತ್ರೆ), ಮೂರನೆಯದು 23. ಎರಡು ಸಾಲಿನಲ್ಲಿ ಉಸಿರು ಖರ್ಚು ಮಾಡಿಕೊಂಡರೆ ಮೂರನೇ ಸಾಲಿನ ಕೊನೆಯ ಗುರು, ಅಂದರೆ ಎಳೆದು ನುಡಿಯುವ ಅಕ್ಷರ, ಕೈಗೆ ಸಿಗುವುದಿಲ್ಲ. ಎಲ್ಲಿ ಉಸಿರು ತಗೋಬೇಕು, ಎಷ್ಟು ಉಳಿಸಿಕೋಬೇಕು, ಯಾವ ಶಬ್ದದ ಮೇಲೆ ಬಿಡಬೇಕು, ಇದನ್ನೆಲ್ಲ ನನಗೆ ಕಲಿಸಿದ್ದು ಆ ಮೂರನೇ ಸಾಲು. ಇವತ್ತಿಗೂ ಗದ್ದಲದ ಕ್ಲಾಸಿನಲ್ಲಿ ದಿನಕ್ಕೆ ಐದು ಪೀರಿಯಡ್ ಮಾತಾಡಿ ನನ್ನ ಗಂಟಲು ಕೆಟ್ಟಿಲ್ಲ ಅಂದರೆ ಅದರ ಪುಣ್ಯ.

ನಟನೆ ಮಾತ್ರವೂ ಅಲ್ಲ. ರಂಗ ಗುಡಿಸುವುದು, ರಂಗಸಜ್ಜಿಕೆಯ ಚೌಕಟ್ಟಿಗೆ ಬಟ್ಟೆ ಬಿಗಿಯುವುದು, ಲೈಟು ಹಿಡಿಯುವುದು, ಬೇರೆಯವರ ಕಾಸ್ಟ್ಯೂಮಿಗೆ ಗುಂಡಿ ಹಚ್ಚುವುದು. ತನ್ನ ಪಾತ್ರವಿಲ್ಲದ ದಿನವೂ ಕೊನೇ ಸಾಲಿನಲ್ಲಿ ಕೂತು ಇನ್ನೊಬ್ಬರ ಮಾತು ಕೇಳಿಸುತ್ತದೋ ಇಲ್ಲವೋ ನೋಡುವುದು. ನಮ್ಮೂರಿನ ಗರಡಿ ಮನೆಯಲ್ಲಿ ಹೊಸ ಹುಡುಗನನ್ನು ಬಂದ ದಿನವೇ ಕುಸ್ತಿಗೆ ಬಿಡುವ ಉಸ್ತಾದ್ ಇದ್ದಾನಾ? ಮೊದಲು ಮಟ್ಟಿ ಹದ ಮಾಡಿಸುತ್ತಾನೆ, ಸಾಮು ತೆಗೆಸುತ್ತಾನೆ, ಮೈ ಹುರಿಗಟ್ಟಿದ ಮೇಲೆ ಪಟ್ಟು. ಈ ಅಕಾಡೆಮಿಗಳು ಪಟ್ಟೂ ಕಲಿಸುವುದಿಲ್ಲ, ಫೋಟೋ ತೆಗೆದು ಕಳಿಸುತ್ತವೆ.

ಈಗ ಒಬ್ಬರಾದರೂ ಕಾಮೆಂಟಿನಲ್ಲಿ ಬರೆಯುತ್ತೀರಿ, ರಾಜ್‌ಕುಮಾರ್ ಯಾವ ಆ್ಯಕ್ಟಿಂಗ್ ಸ್ಕೂಲಿಗೆ ಹೋಗಿದ್ದರು ಅಂತ. ಪ್ರತಿ ಸಲವೂ ಇದೇ ಮಾತು. ಹೋಗಿದ್ದರು ರೀ! ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರೇ ಕಂಪನಿ ನಾಟಕದ ದೊಡ್ಡ ನಟರು. ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಹುಡುಗನಾಗಿ ಸೇರಿ, ಸಣ್ಣಪುಟ್ಟ ಪಾರ್ಟು ಮಾಡಿ, ಹಾಡು ಕಲಿತು, ವರ್ಷಗಟ್ಟಲೆ ಊರೂರು ಸುತ್ತಿದ ಮೇಲೆ 1954ರಲ್ಲಿ ಅವರು ಸಿನಿಮಾದ ನಾಯಕರಾದದ್ದು. ಕಂಪನಿಯೇ ಶಾಲೆ. ಸರ್ಟಿಫಿಕೇಟು ಕೊಡುತ್ತಿರಲಿಲ್ಲ, ಅಷ್ಟೇ. ರಂಗ ನಿರ್ದೇಶಕ ಬಿ.ವಿ. ಕಾರಂತರು ಹುಡುಗನಾಗಿ ಮನೆ ಬಿಟ್ಟು ಓಡಿಬಂದು ಸೇರಿದ್ದೂ ಅದೇ ಗುಬ್ಬಿ ಕಂಪನಿಯನ್ನೇ. ಅಷ್ಟೆಲ್ಲ ಕಲಿತಿದ್ದ ಮನುಷ್ಯ ಸಾಲದು ಅಂತ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋದರು. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಕಂಪನಿಯ ಮಡಿಲಲ್ಲೇ ಬೆಳೆದವರು, ಅವರೂ ಅಲ್ಲಿಗೆ ಹೋಗಿ ಕಲಿತರು. ರಕ್ತದಲ್ಲಿ ಇದ್ದವರೇ ಕಲಿಯಲು ಹೋದರು ಅಂದಮೇಲೆ "ನಟನೆ ಹುಟ್ಟಿನಿಂದ ಬರಬೇಕು" ಅನ್ನುವ ಮಾತು ಇನ್ನು ಸಾಕು.

ಇನ್ನೊಂದು ವಾದವೂ ಉಂಟು, ನಿನ್ನೆ ಆ ಅಕಾಡೆಮಿಯ ಮೇಷ್ಟ್ರೇ ನನಗೆ ಹೇಳಿದ್ದು. ಕ್ಯಾಮೆರಾಕ್ಕೆ ನಾಟಕದ ದನಿ ಬೇಡ, ಪಿಸುಗುಟ್ಟಿದರೂ ಸಾಕು, ನಾಟಕದವರು ಸೀರಿಯಲ್‌ನಲ್ಲಿ ಓವರ್ ಆಗುತ್ತಾರೆ ಅಂತ. ಕ್ಯಾಮೆರಾ ಮುಂದೆ ಅಳತೆ ಬೇರೆ ಅನ್ನುವುದು ನಿಜ, ಒಪ್ಪುತ್ತೇನೆ. ಆದರೆ ಪಿಸುಮಾತಿಗೆ ಉಸಿರು ಬೇಡವಾ? ಪಿಸುಗುಟ್ಟುವಾಗ ಕೊನೇ ಅಕ್ಷರ ನುಂಗಿಹೋಗದ ಹಾಗೆ ಹಿಡಿಯುವುದೇ ಕಷ್ಟ. ಡಬ್ಬಿಂಗ್ ಥಿಯೇಟರಿನಲ್ಲಿ ಗಾಜಿನ ಆಚೆ ಒಬ್ಬಳೇ ನಿಂತು, ಎದುರಿಗೆ ಯಾರೂ ಇಲ್ಲದೆ, ಅದೇ ದುಃಖವನ್ನು ಮತ್ತೆ ತುಟಿಗೆ ಹೊಂದಿಸಿ ತರಬೇಕಾದಾಗ ಈ ಒಂಬತ್ತು ಫೋಟೋ ಯಾವ ಕೆಲಸಕ್ಕೆ ಬರುತ್ತವೆ? ದೊಡ್ಡ ದನಿ ಇದ್ದವಳು ಸಣ್ಣದು ಮಾಡಬಲ್ಲಳು. ದನಿಯೇ ಇಲ್ಲದವಳು ಏನು ಮಾಡಬೇಕು?

ನನಗೆ ಹೆಚ್ಚು ಸಂಕಟ ಆಗುವುದು ಇದು ದಾವಣಗೆರೆಯಲ್ಲಿ ನಡೆಯುತ್ತಿದೆಯಲ್ಲ ಅಂತ. ಬೇರೆ ಊರಾಗಿದ್ದರೆ ಇಷ್ಟು ಆಗುತ್ತಿರಲಿಲ್ಲ. ಇದು ಕಂಪನಿ ನಾಟಕಕ್ಕೆ ಹೆಸರಾದ ಚಿಂದೋಡಿ ಮನೆತನದ ಊರು. ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು. ಚಿಂದೋಡಿ ಲೀಲಮ್ಮ ಬಾಲನಟಿಯಾಗಿ ರಂಗ ಹತ್ತಿ, ಪದ್ಮಶ್ರೀ ತಗೊಂಡು, ಕರ್ನಾಟಕ ನಾಟಕ ಅಕಾಡೆಮಿಯ ಅಧ್ಯಕ್ಷೆಯೂ ಆದ ಊರು. ದುರ್ಗಾಂಬಿಕೆ ಜಾತ್ರೆ ಬಂತೆಂದರೆ ಕಂಪನಿಗಳು ಕ್ಯಾಂಪ್ ಹಾಕುತ್ತವೆ. ಸುತ್ತಲ ಹಳ್ಳಿಗಳಲ್ಲಿ ಇವತ್ತಿಗೂ ನಾಟಕ ಕಲಿಸುವ ಮಾಸ್ತರರನ್ನು ಕರೆಸಿ ತಿಂಗಳುಗಟ್ಟಲೆ ತಾಲೀಮು ಮಾಡುತ್ತಾರೆ. ಹೊಲದ ಕೆಲಸ ಮುಗಿಸಿ ಬಂದ ಹುಡುಗರನ್ನು ಹಾರ್ಮೋನಿಯಂ ಮುಂದೆ ಕೂರಿಸಿಕೊಂಡು ಶ್ರುತಿ ಹಿಡಿಸುತ್ತಾರಲ್ಲ ಆ ಮಾಸ್ತರರು, ಅವರ ಒಂದು ರಾತ್ರಿಯ ಪಾಠ ಈ ಮೂರು ತಿಂಗಳ ಕೋರ್ಸಿಗಿಂತ ಮೇಲು. ನಮ್ಮೂರಿನ ವೃತ್ತಿ ನಟಿಯರು ಊರೂರಿಗೆ ಹೋಗಿ ಪಾತ್ರ ಮಾಡಿ ಬೆಳಗಿನ ಜಾವದ ಬಸ್ಸಿಗೆ ವಾಪಸು ಬರುತ್ತಾರೆ. ಒಂದೇ ತಾಲೀಮಿನಲ್ಲಿ ಊರಿನವರ ಜೊತೆ ಹೊಂದಿಕೊಂಡು, ಮಾತು ಮರೆತ ಗೌಡರ ಮಗನನ್ನೂ ಸಂಭಾಳಿಸಿಕೊಂಡು ದೃಶ್ಯ ದಾಟಿಸುತ್ತಾರೆ. ಅವರನ್ನು ಕರೆದು ಒಂದು ಪಾಠ ಮಾಡಿಸಿದ ಅಕಾಡೆಮಿ ನಮ್ಮೂರಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. "ನಾಟಕದೋರು" ಅಂತ ಅವರನ್ನು ದೂರ ಇಟ್ಟು, ಅದೇ ಬಾಯಲ್ಲಿ ಮಕ್ಕಳಿಗೆ ಆ್ಯಕ್ಟಿಂಗ್ ಕಲಿಸಲು ದುಡ್ಡು ಸುರಿಯುತ್ತೇವೆ.

ಇದನ್ನು ಬರೆಯುವಾಗ ಕೈ ನಡುಗುತ್ತಿದೆ, ಹೇಳಿಬಿಡುತ್ತೇನೆ. ನಾನು ರಂಗಶಾಲೆಗೆ ಹೋಗುತ್ತೇನೆ ಅಂದಾಗ ಅಪ್ಪ ಮಾತು ಬಿಟ್ಟಿದ್ದರು. ಅವ್ವ ತನ್ನ ಕಿವಿಯ ಓಲೆ ಅಡ ಇಟ್ಟು ಕಳಿಸಿದ್ದಳು. ಓಲೆ ಬಿಡಿಸಿಕೊಂಡದ್ದು ನನಗೆ ಮೇಷ್ಟ್ರ ಕೆಲಸ ಸಿಕ್ಕಿದ ಮೇಲೆ. ನಿನ್ನೆ ಆ ತಾಯಿಯನ್ನು ನೋಡಿದಾಗ ನನಗೆ ಅವ್ವನೇ ಕಂಡಳು. ವ್ಯತ್ಯಾಸ ಒಂದೇ, ನನ್ನವ್ವ ಕೊಟ್ಟ ದುಡ್ಡಿಗೆ ನನಗೆ ವಿದ್ಯೆ ಸಿಕ್ಕಿತು.

ಆ ಹುಡುಗಿ ಫೀಸು ಕಟ್ಟುವ ಮುಂಚೆ ಕೇಳಿದ್ದರೆ ಹೇಳುತ್ತಿದ್ದೆ. ಮಗಾ, ನಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಯಲ್ಲೇ, ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ರಂಗಶಾಲೆ ಇದೆ. ಪಂಡಿತಾರಾಧ್ಯ ಸ್ವಾಮೀಜಿ ಒಂದು ಹಳ್ಳಿಯಲ್ಲಿ ಕೂತು ಕಲಾಸಂಘ ಕಟ್ಟಿ, 1997ರಲ್ಲಿ ಶಿವಸಂಚಾರ ಅನ್ನುವ ಸಂಚಾರಿ ನಾಟಕ ತಂಡ ಶುರು ಮಾಡಿ, 2008ರಲ್ಲಿ ರಂಗಪ್ರಯೋಗ ಶಾಲೆ ತೆರೆದರು. ಕಲಿತವರು ಸಂಚಾರ ತಂಡ ಸೇರಬಹುದು, ವರ್ಷಕ್ಕೆ ಮೂರು ನಾಟಕ ಹೊತ್ತು ನಾಡು ಸುತ್ತಬಹುದು. ಇವತ್ತು ಊರ ಬಯಲು, ನಾಳೆ ಹೈಸ್ಕೂಲ್ ಅಂಗಳ, ನಾಡಿದ್ದು ಪ್ರತಿಧ್ವನಿಸುವ ಸಭಾಂಗಣ. ದನಿ ಹದವಾಗುವುದು ಹಾಗೆ. ಇನ್ನು ಸಾಗರದ ಹತ್ತಿರ ಹೆಗ್ಗೋಡಿನಲ್ಲಿರುವ ನಾಟಕ ಸಂಸ್ಥೆ ನೀನಾಸಮ್. ಕೆ.ವಿ. ಸುಬ್ಬಣ್ಣ 1980ರಲ್ಲಿ ಅಲ್ಲಿ ರಂಗಶಿಕ್ಷಣ ಕೇಂದ್ರ ಆರಂಭಿಸಿದರು, ಐದು ವರ್ಷದ ಮೇಲೆ ತಿರುಗಾಟ ಅನ್ನುವ ಸಂಚಾರಿ ತಂಡವೂ ಬಂತು. ಬೆಂಗಳೂರಿನಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ಕೇಂದ್ರವಿದೆ, ಒಂದು ವರ್ಷದ ಕೋರ್ಸು. ಇವೆಲ್ಲ ದುಡ್ಡಿದ್ದವರಿಗೆ ಮೀಸಲಾದ ಜಾಗಗಳಲ್ಲ. ಸಂದರ್ಶನದಲ್ಲಿ ನಿನ್ನ ಫೋಟೋ ಆಲ್ಬಮ್ ಕೇಳುವುದಿಲ್ಲ, ಹಾಡು ಅನ್ನುತ್ತಾರೆ, ಓದು ಅನ್ನುತ್ತಾರೆ. ನಿನಗೆ ಎರಡೂ ಬರುತ್ತಿತ್ತು.

ಸಿನಿಮಾನೇ ಬೇಕು ಅನ್ನುವವರಿಗೂ ದಾರಿ ಇದೆ. ಹಿಂದಿಯ ಗುರುದತ್ ಸಿನಿಮಾಗಳ ಆ ನೆರಳು-ಬೆಳಕು ಕಟ್ಟಿದ ವಿ.ಕೆ. ಮೂರ್ತಿ ಮೈಸೂರಿನವರು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಮುಂದೆ ಫಾಲ್ಕೆ ಪ್ರಶಸ್ತಿ ಪಡೆದರು. ಹಿಂದಿ ಸಿನಿಮಾ ನಿರ್ದೇಶಕ ಗೋವಿಂದ ನಿಹಲಾನಿ ಓದಿದ್ದೂ ಅಲ್ಲೇ. ಅದೇ ಕೋರ್ಸು ಹೆಸರಘಟ್ಟದ ಸರ್ಕಾರಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಆಗಿ ಈಗಲೂ ಇದೆ. ಎಸ್‌ಎಸ್‌ಎಲ್‌ಸಿ ಮುಗಿಸಿದ ಮಕ್ಕಳು ಬೇರೆ ಪಾಲಿಟೆಕ್ನಿಕ್‌ಗೆ ಸೇರಿದ ಹಾಗೆಯೇ ಛಾಯಾಗ್ರಹಣಕ್ಕೋ ಶಬ್ದಗ್ರಹಣಕ್ಕೋ ಡಿಪ್ಲೊಮಾ ಸೇರಬಹುದು. ಕ್ಯಾಮೆರಾ ಹುಚ್ಚಿನ ಹುಡುಗರು ನನ್ನ ಕ್ಲಾಸಿನಲ್ಲಿ ಪ್ರತಿವರ್ಷ ಇರುತ್ತಾರೆ, ಅವರ ಅಪ್ಪ-ಅಮ್ಮಂದಿರಿಗೆ ಈ ಸುದ್ದಿಯೇ ಗೊತ್ತಿರುವುದಿಲ್ಲ. ನಿರ್ದೇಶಕ ಗಿರೀಶ್ ಕಾಸರವಳ್ಳಿ ಫಾರ್ಮಸಿ ಓದಿದ್ದವರು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಹೋದರು, ಹೋಗಿ ಏನು ಮಾಡಿದರು ಅಂತ ಹೇಳಬೇಕಾಗಿಲ್ಲ.

ಆ ಮೇಷ್ಟ್ರನ್ನೂ ನಾನು ಕೇಳಿದೆ, ನೀವು ಎಲ್ಲಿ ಕಲಿತಿರಿ ಅಂತ. ಎರಡು ಸೀರಿಯಲ್‌ನಲ್ಲಿ ಮಾಡಿದ್ದೇನೆ ಅಂದರು. ಅದು ನಾನು ಕೇಳಿದ್ದಕ್ಕೆ ಉತ್ತರ ಆಗಲಿಲ್ಲ. ಫೀಸು ಕಟ್ಟುವ ತಂದೆ-ತಾಯಿ ಈ ಪ್ರಶ್ನೆ ಕೇಳಲೇಬೇಕು. ಯಾರ ಹತ್ತಿರ ಕಲಿತಿರಿ, ನನ್ನ ಮಗಳಿಗೆ ದನಿಯ ಪಾಠ ಯಾರು ಮಾಡುತ್ತಾರೆ, ಕೋರ್ಸು ಮುಗಿಯುವುದರೊಳಗೆ ಒಂದು ಪೂರ್ತಿ ನಾಟಕ ಆಡಿಸುತ್ತೀರಾ. ಚಾನ್ಸು ಕೊಡಿಸುತ್ತೇವೆ ಅಂದರೆ ಅದನ್ನು ಬರೆದು ಕೊಡಿ ಅನ್ನಿ. ಕೊಡುವುದಿಲ್ಲ ಅವರು.

ವೃತ್ತಿ ರಂಗಭೂಮಿಗೆಂದೇ, ಅಂದರೆ ಕಂಪನಿ ನಾಟಕಕ್ಕೆಂದೇ, ನಮ್ಮೂರಿಗೆ ಸರ್ಕಾರದ ಒಂದು ರಂಗಾಯಣ ಬಂದಿದೆಯಲ್ಲ, ನನ್ನ ಆಸೆಯೆಲ್ಲ ಅದರ ಮೇಲಿದೆ. ಕಂಪನಿಗಳಲ್ಲಿ ಮಾಗಿದ ನಟನಟಿಯರು, ಹಾರ್ಮೋನಿಯಂ ಮಾಸ್ತರರು ನಮ್ಮ ನಡುವೆ ಇರುವಾಗಲೇ ಅವರಿಂದ ಮಕ್ಕಳಿಗೆ ಕಲಿಸಬೇಕು, ವರ್ಷಪೂರ್ತಿ ಕಲಿಸಬೇಕು. ಈ ಮಾತನ್ನು ಅಲ್ಲಿಗೂ ಬರೆದು ಕೊಡುತ್ತೇನೆ. ಸಹಿ ಹಾಕುವ ಮನಸ್ಸಿರುವ ಗೆಳೆಯರು ಹೇಳಿ.

ಆ ಹುಡುಗಿಗೆ ಭಾನುವಾರ ಬೆಳಿಗ್ಗೆ ನಮ್ಮ ಶಾಲೆಯ ಮೈದಾನಕ್ಕೆ ಬಾ ಅಂದಿದ್ದೇನೆ. ಬರುತ್ತೇನೆ ಅಂದಿದ್ದಾಳೆ. ಜೊತೆಗೆ ಕಲಿಯುವ ಇಷ್ಟವಿರುವ ಮಕ್ಕಳಿದ್ದರೆ ಕಳಿಸಿ, ಫೀಸೇನೂ ಇಲ್ಲ, ನೀರಿನ ಬಾಟಲಿ ತರಲಿ. ಸಾಣೇಹಳ್ಳಿಯ ನಾಟಕೋತ್ಸವಕ್ಕೆ ಈ ಮಕ್ಕಳನ್ನು ಒಂದು ದಿನವಾದರೂ ಕರಕೊಂಡು ಹೋಗಬೇಕು ಅಂತಿದ್ದೇನೆ. ಟೆಂಪೋ ಟ್ರಾವೆಲರ್ ಇರುವವರು ಯಾರಾದರೂ ಡೀಸೆಲ್ ಖರ್ಚಿಗೆ ಬರುವುದಾದರೆ ಮೆಸೇಜ್ ಮಾಡಿ. ರಾತ್ರಿ ನಾಟಕ ಮುಗಿದ ಮೇಲೆ ಮಕ್ಕಳನ್ನು ಮನೆ ಮುಟ್ಟಿಸುವ ಜವಾಬ್ದಾರಿ ನನ್ನದು.