ಲಾರಿ ಎಣಿಸಿ ರಿಸಲ್ಟ್ ಹೇಳೋರು

ಅಮೆರಿಕದಲ್ಲಿ ಯಾರಾದ್ರೂ ಮನೆ ಖಾಲಿ ಮಾಡಿ ಬೇರೆ ರಾಜ್ಯಕ್ಕೆ ಹೊರಟ್ರು ಅಂದ್ರೆ ಅವರ ಸಾಮಾನಿನ ಲಾರಿ ಹಿಂದೇನೇ ಒಬ್ಬ ಚುನಾವಣಾ ಪಂಡಿತ ನೋಟ್‌ಬುಕ್ ಹಿಡ್ಕೊಂಡು ಓಡ್ತಾ ಇರ್ತಾನೆ. ಒಳಗೆ ಸೋಫಾ ಇದೆಯಾ ಫ್ರಿಜ್ ಇದೆಯಾ ಅವನಿಗೆ ಬೇಡ, ಗಂಡ ಹೆಂಡ್ತಿ ಯಾವ ಪಾರ್ಟಿ ಅನ್ನೋದು ನಂಬರ್ ಪ್ಲೇಟ್ ನೋಡೇ ಗೊತ್ತಾಗ್ಬಿಡತ್ತೆ. ಕ್ಯಾಲಿಫೋರ್ನಿಯಾ ಪ್ಲೇಟಾ? ಡೆಮಾಕ್ರಟ್ಟು, ಬರ್ಕೊಳಿ, ಎರಡು ವೋಟು. ಹೊರಟಿರೋದು ಟೆಕ್ಸಾಸಿಗಾ? ಹಾಗಾದ್ರೆ ಟೆಕ್ಸಾಸ್ ಇನ್ನೇನು ನೀಲಿ, ಅಂದ್ರೆ ಡೆಮಾಕ್ರಟ್ ಬಣ್ಣ, ಆಗೋಯ್ತು ಅಂತ ಟೀವಿಲಿ ಹೇಳೋದೊಂದೇ ಬಾಕಿ.

ಟೆಕ್ಸಾಸ್ ಕೊನೇ ಸಲ ಡೆಮಾಕ್ರಟ್ ಅಧ್ಯಕ್ಷನ್ನ ಆರಿಸಿದ್ದು 1976ರಲ್ಲಿ, ಜಿಮ್ಮಿ ಕಾರ್ಟರ್ ಕಾಲ. ಅಲ್ಲಿಂದೀಚೆಗೆ ಅದು ನಾಳೆ ಬಾ ಅಂತ ಬಾಗಿಲ ಮೇಲೆ ಬರ್ಕೊಂಡು ಕೂತಿದೆ, ಪಂಡಿತರು ಪ್ರತಿ ನಾಲ್ಕು ವರ್ಷಕ್ಕೊಮ್ಮೆ ಹೋಗಿ ಅದನ್ನ ಓದಿ, ಓ ನಾಳೆಯಂತೆ ಅಂತ ಖುಷಿಯಾಗಿ ವಾಪಸ್ ಬರ್ತಾರೆ.

ಆ ಕಡೆ ಟೆಕ್ಸಾಸಿನೋರದ್ದು ಇನ್ನೊಂದು ಸಂಕಟ. ಹೊರಗಿಂದ ಬಂದು ನಮ್ಮ ರಾಜ್ಯ ಕೆಡಿಸ್ತಿದಾರೆ ಅಂತ ಕಾರಿನ ಬಂಪರ್ ಮೇಲೆ 'ಡೋಂಟ್ ಕ್ಯಾಲಿಫೋರ್ನಿಯಾ ಮೈ ಟೆಕ್ಸಾಸ್' ಸ್ಟಿಕ್ಕರ್ರು. ಸರಿ, 2018ರ ಸೆನೆಟ್ ಚುನಾವಣೆ ನೋಡಿ. ಒಂದು ಕಡೆ ಬೇಟೋ ಓರೋರ್ಕ್, ಟೆಕ್ಸಾಸಿನ ಎಲ್ ಪಾಸೋದಲ್ಲೇ ಹುಟ್ಟಿದ ಡೆಮಾಕ್ರಟ್. ಇನ್ನೊಂದು ಕಡೆ ರಿಪಬ್ಲಿಕನ್ ಪಾರ್ಟಿಯ ಟೆಡ್ ಕ್ರೂಜ್, ಹುಟ್ಟಿದ್ದು ಕೆನಡಾದ ಕ್ಯಾಲ್ಗರಿಯಲ್ಲಿ. ಓರೋರ್ಕ್ ಮೂರು ಪರ್ಸೆಂಟಿಗಿಂತ ಕಮ್ಮಿ ಅಂತರದಲ್ಲಿ ಸೋತ್ರು, ಆಮೇಲೆ ಎಕ್ಸಿಟ್ ಪೋಲ್ ತೆಗೆದು ನೋಡಿದ್ರೆ ಟೆಕ್ಸಾಸಲ್ಲೇ ಹುಟ್ಟಿ ಬೆಳೆದೋರಲ್ಲಿ ಓರೋರ್ಕ್ ಮುಂದಿದ್ರು, ಹೊರಗಿಂದ ಬಂದು ಸೆಟಲ್ ಆದೋರಲ್ಲಿ ಕ್ರೂಜ್ ಭರ್ಜರಿ ಲೀಡು! ಅಂದ್ರೆ ಊರಿನ ಹುಡುಗ ಸೋತ, ಕೆನಡಾದಲ್ಲಿ ಹುಟ್ಟಿದೋರು ಗೆದ್ರು, ಗೆಲ್ಸಿದ್ದು ವಲಸೆ ಬಂದೋರು, ಬೈಸಿಕೊಳ್ತಿರೋದೂ ಅದೇ ವಲಸೆ ಬಂದೋರು. ಕ್ಯಾಲಿಫೋರ್ನಿಯಾ ಬಿಟ್ಟು ಬರೋನು ಅದು ಇಷ್ಟ ಇಲ್ದೇನೇ ಬಿಟ್ಟು ಬಂದಿರ್ಬಹುದು ಅಂತ ಒಬ್ರಿಗೂ ಹೊಳೀಲಿಲ್ಲ ನೋಡಿ. ಸ್ಟಿಕ್ಕರ್ ಮಾತ್ರ ಬದಲಾಗ್ಲಿಲ್ಲ. ಯಾಕೆ ಬದಲಾಗ್ಬೇಕು, ಸ್ಟಿಕ್ಕರಿಗೇನು ಎಕ್ಸಿಟ್ ಪೋಲ್ ಓದಕ್ಕೆ ಬರತ್ತಾ.

ಇನ್ನು ಹಿಸ್ಪಾನಿಕ್, ಅಂದ್ರೆ ಸ್ಪ್ಯಾನಿಷ್ ಭಾಷೆಯ ದೇಶಗಳ ಮೂಲದ, ಮತದಾರರ ಕಥೆ. ಇವರ ಸಂಖ್ಯೆ ಏರ್ತಾ ಹೋದ ಹಾಗೆ ರಿಪಬ್ಲಿಕನ್ ಪಾರ್ಟಿ ಮುಳುಗತ್ತೆ, ಇದು ಜನಸಂಖ್ಯೆಯ ಹಣೆಬರಹ, ಬ್ರಹ್ಮನೂ ತಪ್ಪಿಸಕ್ಕಾಗಲ್ಲ ಅನ್ನೋದು ಹತ್ತಾರು ವರ್ಷ ನಡೆದ ವೇದವಾಕ್ಯ. ಎಷ್ಟರ ಮಟ್ಟಿಗೆ ಅಂದ್ರೆ 2012ರಲ್ಲಿ ಸೋತ ಮೇಲೆ ಆ ಪಾರ್ಟಿಯೇ ಹೆದರ್ಕೊಂಡು 2013ರಲ್ಲಿ ತನ್ನದೇ ಪೋಸ್ಟ್‌ಮಾರ್ಟಮ್ ವರದಿ ಬರೆಸ್ತು, ವಲಸಿಗರ ವಿಷಯದಲ್ಲಿ ಸ್ವಲ್ಪ ಮೆತ್ತಗಾಗೋಣ ಇಲ್ದಿದ್ರೆ ಕಥೆ ಮುಗೀತು ಅಂತ. ಮುಂದಿನ ಚುನಾವಣೆಗೆ ಬಂದೋರು ಟ್ರಂಪ್, ಆ ವರದಿನ ಪಕ್ಕಕ್ಕಿಟ್ಟು ಗೋಡೆ ಕಟ್ತೀನಿ ಅಂದ್ರು, 2016ರಲ್ಲಿ ಗೆದ್ರು. ಹೋಗ್ಲಿ, ಆ ಸಲ ಮಿಸ್ಸಾಯ್ತು ಅನ್ನೋಣ. ಟೆಕ್ಸಾಸಿನ ಗಡಿಯಲ್ಲಿ ಸ್ಟಾರ್ ಕೌಂಟಿ ಅಂತಿದೆ, ನೂರಕ್ಕೆ 95ಕ್ಕಿಂತ ಜಾಸ್ತಿ ಜನ ಹಿಸ್ಪಾನಿಕ್, 1892ರ ನಂತರ ಅಧ್ಯಕ್ಷರ ಚುನಾವಣೆಲಿ ರಿಪಬ್ಲಿಕನ್ನರ ಮುಖ ನೋಡಿರ್ಲಿಲ್ಲ. 2016ರಲ್ಲಿ ಹಿಲರಿ ಕ್ಲಿಂಟನ್‌ಗೆ ಅಲ್ಲಿ ಸುಮಾರು 60 ಪಾಯಿಂಟ್ ಲೀಡು, 2024ರಲ್ಲಿ ಅದೇ ಕೌಂಟಿ ಟ್ರಂಪ್ ಪಾಲಾಯ್ತು. ಫ್ಲಾರಿಡಾದ ಮಯಾಮಿ-ಡೇಡ್‌ದೂ ಅದೇ ಕಥೆ, 2016ರಲ್ಲಿ ಕ್ಲಿಂಟನ್ ಹತ್ರತ್ರ 30 ಪಾಯಿಂಟಲ್ಲಿ ಗೆದ್ದಿದ್ದ ಜಾಗ. ಈ ಎಂಟು ವರ್ಷದಲ್ಲಿ ಬ್ರಹ್ಮ ಏನು ರಬ್ಬರ್ ಹಿಡ್ಕೊಂಡು ಕೂತಿದ್ನಾ?

ಪಂಡಿತರಿಗೆ ಇದರಿಂದ ಬೇಜಾರೇನೂ ಆಗ್ಲಿಲ್ಲ. ಇದೇ ನೋಡಿ ಹೊಸ ಟ್ರೆಂಡು ಅಂದು, ಅದೇ ಗ್ರಾಫು, ಅದೇ ಬಾಣದ ಗುರುತು, ಬಣ್ಣ ಮಾತ್ರ ಬೇರೆ ಹಾಕಿ ಮತ್ತೆ ಸ್ಟುಡಿಯೋದಲ್ಲಿ ಹಾಜರು. ಅಂದ್ಹಾಗೆ ಈ ಕೆಂಪು ರಾಜ್ಯ ನೀಲಿ ರಾಜ್ಯ ಅನ್ನೋದು ಏನೋ ಅನಾದಿ ಕಾಲದಿಂದ ರಕ್ತದಲ್ಲೇ ಇದೆ ಅನ್ನೋ ಥರ ಮಾತಾಡ್ತಾರಲ್ಲ, 1980ರಲ್ಲಿ ಒಂದು ದೊಡ್ಡ ಟೀವಿ ಚಾನೆಲ್ ರೇಗನ್ ಗೆದ್ದ ರಾಜ್ಯಗಳಿಗೆಲ್ಲ ಹಚ್ಚಿದ್ದು ನೀಲಿ ಬಣ್ಣ. ರಿಪಬ್ಲಿಕನ್ ಅಂದ್ರೆ ಕೆಂಪು ಅಂತ ಗಟ್ಟಿಯಾಗಿದ್ದೇ 2000ದ ಚುನಾವಣೆ ಹೊತ್ತಿಗೆ.

ಹಾಗಂತ ಲಾರಿಯಿಂದ ಏನೂ ಆಗಲ್ಲ ಅಂತ ನಾನು ಹೇಳ್ತಿಲ್ಲಪ್ಪ. ವರ್ಜೀನಿಯಾ 1968ರಿಂದ 2004ರ ತನಕ ಅಧ್ಯಕ್ಷರ ಚುನಾವಣೆಲಿ ಬರೀ ರಿಪಬ್ಲಿಕನ್, 2008ರಿಂದ ಬರೀ ಡೆಮಾಕ್ರಟ್, ಅದಕ್ಕೆ ವಾಷಿಂಗ್ಟನ್ ಪಕ್ಕದ ಬಡಾವಣೆಗಳಿಗೆ ಕೆಲಸಕ್ಕೆ ಅಂತ ಬಂದು ತುಂಬ್ಕೊಂಡ ಜನ ದೊಡ್ಡ ಕಾರಣ. ಆದ್ರೆ ಅದೇ ವರ್ಜೀನಿಯಾ, ಬೈಡನ್‌ನ 10 ಪಾಯಿಂಟಲ್ಲಿ ಗೆಲ್ಸಿದ ಮಾರನೇ ವರ್ಷಾನೇ ರಿಪಬ್ಲಿಕನ್ ಗವರ್ನರ್‌ನ ಆರಿಸ್ತು. ಪಕ್ಕದ ವೆಸ್ಟ್ ವರ್ಜೀನಿಯಾದ್ದು ಇದಕ್ಕಿಂತ ಮಜಾ. ಅಲ್ಲಿಗೆ ಲಾರಿ ಬರೋದಿರ್ಲಿ, ಇರೋರೇ ಲಾರಿ ಹತ್ತಿ ಹೊರಟು 1950ರಲ್ಲಿ 20 ಲಕ್ಷ ಇದ್ದ ಜನಸಂಖ್ಯೆ ಈಗ 18 ಲಕ್ಷಕ್ಕಿಂತ ಕೆಳಗಿದೆ. 1980ರಲ್ಲಿ ದೇಶಕ್ಕೆ ದೇಶವೇ ರೇಗನ್ ಹಿಂದೆ ಹೋದಾಗ ಕಾರ್ಟರ್ ಕೈ ಬಿಡದ ಬೆರಳೆಣಿಕೆ ರಾಜ್ಯಗಳಲ್ಲಿ ಇದೂ ಒಂದು, ಈಗ ಅಲ್ಲಿ ಟ್ರಂಪ್‌ಗೆ ನೂರಕ್ಕೆ 70 ಆಸುಪಾಸು ವೋಟು. ಅದೇ ಬೆಟ್ಟ, ಅದೇ ಮನೆ, ಅದೇ ಕಲ್ಲಿದ್ದಲು ಗಣಿ ಕಾರ್ಮಿಕರ ಮಕ್ಕಳು ಮೊಮ್ಮಕ್ಕಳು. ಲಾರಿನೇ ಬರ್ಲಿಲ್ವಲ್ಲ ಸ್ವಾಮಿ, ಈಗ ಯಾವ ನಂಬರ್ ಪ್ಲೇಟ್ ನೋಡ್ತೀರಾ?

ನನಗೆ ನಿಜಕ್ಕೂ ನಗು ಬರೋದು ಮಾತ್ರ ಬೇರೆ ಜಾಗದಲ್ಲಿ. ಎಲ್ಲರೂ ಲಾರಿಲಿರೋ ವೋಟು ಯಾರಿಗೆ ಅಂತ ತಲೆ ಕೆಡಿಸ್ಕೊಂಡಿರೋವಾಗ, ಯಾರಿಗೂ ಡೌಟ್ ಬೇಡದ ಸರಕೊಂದು ಅದೇ ಲಾರಿಲಿ ಸುಮ್ನೆ ಕೂತ್ಕೊಂಡು ಹೋಗ್ತಾ ಇರತ್ತೆ, ಅದು ತಲೆ. ಅಲ್ಲಿ ಹತ್ತು ವರ್ಷಕ್ಕೊಮ್ಮೆ ಸೆನ್ಸಸ್ ಮಾಡಿ, ಯಾವ ರಾಜ್ಯದಲ್ಲಿ ಎಷ್ಟು ತಲೆ ಇದೆ ಅಂತ ನೋಡಿ, ಸಂಸತ್ತಿನ ಕೆಳಮನೆಯ 435 ಸೀಟನ್ನ ಮತ್ತೆ ಹಂಚ್ತಾರೆ. ಅಧ್ಯಕ್ಷರನ್ನ ಆರಿಸೋ ಎಲೆಕ್ಟರ್‌ಗಳ ಲೆಕ್ಕಾನೂ ಅದರ ಮೇಲೇ. ತೊಟ್ಟಿಲಲ್ಲಿರೋ ಮಗೂನೂ ತಲೆ, ಪೌರತ್ವ ಇಲ್ದೋನೂ ತಲೆ, ಜನ್ಮದಲ್ಲಿ ವೋಟು ಹಾಕದ ಸೋಂಬೇರಿನೂ ತಲೆ.

ಈಗ ಒಬ್ಬ ಕಟ್ಟಾ ಡೆಮಾಕ್ರಟ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬಾಡಿಗೆ ತಡ್ಕೊಳ್ಳಕ್ಕಾಗ್ದೆ ಆಸ್ಟಿನ್‌ಗೆ ಹೋದ ಅನ್ಕೊಳಿ. ಅಲ್ಲಿ ಬಿಸಿಲಲ್ಲಿ ಕ್ಯೂ ನಿಂತು ನಿಷ್ಠೆಯಿಂದ ಡೆಮಾಕ್ರಟ್‌ಗೇ ವೋಟ್ ಹಾಕ್ತಾನೆ, ಸೋಲ್ತಾನೆ, ಯಾಕಂದ್ರೆ ಟೆಕ್ಸಾಸಲ್ಲಿ ಒಂದು ವೋಟು ಜಾಸ್ತಿ ಬಂದೋರಿಗೆ ಅಷ್ಟೂ ಎಲೆಕ್ಟರು. ಆದ್ರೆ ಇಂಥೋರ ತಲೆಗಳನ್ನೆಲ್ಲ ಸೇರಿಸ್ಕೊಂಡು 2020ರ ಸೆನ್ಸಸ್ಸಲ್ಲಿ ಟೆಕ್ಸಾಸ್ ಎರಡು ಸೀಟು ಜಾಸ್ತಿ ಹೊಡ್ಕೊಂಡು 40 ಎಲೆಕ್ಟರ್ ಆಯ್ತು, ಕ್ಯಾಲಿಫೋರ್ನಿಯಾ ತನ್ನ ಇತಿಹಾಸದಲ್ಲೇ ಮೊದಲ ಸಲ ಒಂದು ಸೀಟು ಕಳ್ಕೊಳ್ತು. ವೋಟು ಡೆಮಾಕ್ರಟ್‌ಗೆ, ತಲೆ ರಿಪಬ್ಲಿಕನ್‌ಗೆ! ಬೈಡನ್ 2020ರಲ್ಲಿ ಗೆದ್ದ ರಾಜ್ಯಗಳ ಮೊತ್ತ 306, ಅವೇ ರಾಜ್ಯಗಳು ಹೊಸ ಲೆಕ್ಕದಲ್ಲಿ 303. ಒಬ್ಬರೂ ಮನಸ್ಸು ಬದಲಾಯಿಸ್ದೇನೇ ಮೂರು ಎಲೆಕ್ಟರ್ ಆಚೆ ಕಡೆ ಹೋಯ್ತು. ಆ ಬಂಪರ್ ಸ್ಟಿಕ್ಕರ್‌ನೋರು ಬೈಯೋದು ಬಿಟ್ಟು ಗಡಿಯಲ್ಲಿ ಹಾರ ಹಿಡ್ಕೊಂಡು ನಿಂತ್ಕೋಬೇಕಿತ್ತು.

ಈ ತಲೆಲೆಕ್ಕದ ಬೆಲೆ ಹಳೇ ರಾಜಕಾರಣಿಗಳಿಗೆ ಚೆನ್ನಾಗಿ ಗೊತ್ತಿತ್ತು. 1920ರ ಸೆನ್ಸಸ್ಸಲ್ಲಿ ಮೊದಲ ಸಲ ಹಳ್ಳಿಗಿಂತ ಪಟ್ಟಣದ ಜನ ಜಾಸ್ತಿ ಅಂತ ಬಂತು, ಪಟ್ಟಣ ತುಂಬ ವಲಸೆ ಬಂದೋರು, ಸೀಟು ಹಂಚಿದ್ರೆ ಹಳ್ಳಿ ಕಡೆ ಮೆಂಬರ್‌ಗಳ ಕುರ್ಚಿಗೇ ಕುತ್ತು. ಏನ್ಮಾಡಿದ್ರು? ಹಂಚಲೇ ಇಲ್ಲ. ಸಂವಿಧಾನದಲ್ಲೇ ಬರೆದಿರೋ ಕೆಲಸಾನ ಆ ವಿಧಾನ ಸರಿ ಇಲ್ಲ ಈ ವಿಧಾನ ಸರಿ ಇಲ್ಲ ಅಂತ 1929ರ ಕಾನೂನು ಬರೋ ತನಕ ಎಳೆದು, 1928ರಲ್ಲಿ ಹರ್ಬರ್ಟ್ ಹೂವರ್ ಗೆದ್ದಾಗ್ಲೂ ಎಲೆಕ್ಟರ್ ಲೆಕ್ಕ 1910ರ ಜನಗಣತಿದೇ. ಲಾರಿ ಎಣಿಸೋ ಗೊಡವೆಗೇ ಹೋಗ್ದೆ ರಸ್ತೆನೇ ಇಲ್ಲ ಅಂದ್ಬಿಟ್ರು, ಎಂಥಾ ಕಸುಬುದಾರರು.

ಈಗಿನ ಕಾಲದಲ್ಲಿ ಅಷ್ಟು ಧೈರ್ಯ ಯಾರಿಗೂ ಇಲ್ಲ, ಹಂಚಲೇಬೇಕು. 2021ರ ಏಪ್ರಿಲ್‌ನಲ್ಲಿ ಹಂಚಿದಾಗ ನ್ಯೂಯಾರ್ಕ್ ಒಂದು ಸೀಟು ಕಳ್ಕೊಳ್ತು. ಎರಡು ಕೋಟಿ ದಾಟಿದ ರಾಜ್ಯ, ಇನ್ನು 89 ಜನ ಎಣಿಕೆಗೆ ಸಿಕ್ಕಿದ್ರೆ ಆ ಸೀಟು ಉಳೀತಿತ್ತಂತೆ, ಇದು ಸೆನ್ಸಸ್ಸಿನೋರೇ ಕೊಟ್ಟ ಲೆಕ್ಕ. 89 ಜನ, ಒಂದು ದೊಡ್ಡ ಅಪಾರ್ಟ್‌ಮೆಂಟಿನ ಒಂದೆರಡು ಫ್ಲೋರು. ಗಣತಿಯೋರು ಬಂದು ಬೆಲ್ ಒತ್ತಿದಾಗ ಏನೋ ಮಾರಕ್ಕೆ ಬಂದಿರ್ಬೇಕು ಅಂತ ಟೀವಿ ಸೌಂಡ್ ಕಮ್ಮಿ ಮಾಡ್ಕೊಂಡು ಉಸಿರು ಬಿಗಿ ಹಿಡಿದು ಕೂತಿದ್ರೋ ಏನೋ, ಆ ಟೀವಿಲಿ ಬಹುಶಃ ನಮ್ಮ ಪಂಡಿತರೇ ಬಾಣದ ಗುರುತು ತೋರಿಸ್ತಾ ಇದ್ರು.