ಧಾತು–ಈಶ್ವರದ ಬರಕ್ಕೆ ಮಳೆಯನ್ನಷ್ಟೇ ದೂರಿದರೆ ಸಾಕೇ?

‘ಮಳೆ ಕೈಕೊಟ್ಟಿತು, ಜನ ಸತ್ತರು’ ಎಂದು 1876–78ರ, ಧಾತು, ಈಶ್ವರ ಎಂಬ ಎರಡು ಸಂವತ್ಸರಗಳ ಹೆಸರು ಹೊತ್ತ ಬರವನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವವರನ್ನು ಕಂಡರೆ ನನಗೆ ರೇಗುತ್ತದೆ. ಮಳೆ ಕೈಕೊಟ್ಟದ್ದು ಸುಳ್ಳಲ್ಲ. 1875ರ ಬೆಳೆಯೇ ಅಷ್ಟಕ್ಕಷ್ಟೆ. ಮರುವರ್ಷ ಹೊಲಗಳು ಪೂರ್ತಿ ಒಣಗಿದವು. ಇಂಥ ಕಾಲಕ್ಕೆಂದೇ ರಾಗಿ ಸೀಮೆಯವರು ನೆಲದಲ್ಲಿ ಹಗೇವು ತೋಡಿ ಕಾಳು ತುಂಬಿಡುತ್ತಿದ್ದರು. ಬಾಯಿ ಮುಚ್ಚಿದ ಹಗೇವಿನಲ್ಲಿ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ಹಗೇವು ತುಂಬಬೇಕಾದರೆ ಹೊಲವಿರಬೇಕು. ಕೂಲಿಯವನಿಗೂ ನೇಕಾರನಿಗೂ ಸಂತೆಯ ಧಾರಣೆಯೇ ಗತಿ.

ಆ ಧಾರಣೆ ಏರುತ್ತಲೇ ಹೋದಾಗ, ವ್ಯಾಪಾರಕ್ಕೆ ಸರ್ಕಾರ ಕೈಹಾಕಕೂಡದು ಎಂದು ಪಟ್ಟು ಹಿಡಿದವನು ವೈಸರಾಯ್ ಲಿಟ್ಟನ್. 1877ರ ಜನವರಿ 1ರಂದು, ದಕ್ಷಿಣದಲ್ಲಿ ಜನ ಗುಳೆ ಹೊರಟಿದ್ದಾಗ, ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಸಾರಲು ದೆಹಲಿಯಲ್ಲಿ ದರ್ಬಾರು ನಡೆಸಿದವನೂ ಅವನೇ. ಇಂಗ್ಲೆಂಡಿಗೆ ಹೋಗುವ ಗೋಧಿಯ ಹಡಗುಗಳೂ ನಿಲ್ಲಲಿಲ್ಲ.

ಲಿಟ್ಟನ್‌ಗಿಂತ ನನ್ನನ್ನು ಹೆಚ್ಚು ಕಾಡುವವನು ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್. 1874ರಲ್ಲಿ ಬಿಹಾರಕ್ಕೆ ಬರ ಬಂದಾಗ ಇವನು ಬರ್ಮಾದಿಂದ ಅಕ್ಕಿ ತರಿಸಿದ್ದ. ಹಸಿವಿನ ಸಾವು ಬಹುಮಟ್ಟಿಗೆ ತಪ್ಪಿತ್ತು. ಅದಕ್ಕೆ ಅವನಿಗೆ ಸಿಕ್ಕಿದ್ದು ದುಂದುಗಾರನೆಂಬ ಬಿರುದು! ಮೂರು ವರ್ಷಗಳ ಮೇಲೆ ದಕ್ಷಿಣದ ಬರ ನೋಡಲು ಬಂದವನು ಕೈ ಬಿಗಿಹಿಡಿದೇ ಬಂದ. ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೆ ಒಂದು ಆಣೆ ಸಾಕೆಂದು ಗೊತ್ತುಮಾಡಿದ. ಹಗಲಿಡೀ ಮಣ್ಣು ಹೊರುವವನಿಗೆ ಅರ್ಧ ಕಿಲೋಗೂ ಕಡಿಮೆ ಕಾಳು. ಉಪ್ಪು, ಬೇಳೆ, ಸೌದೆ ಎಲ್ಲವೂ ಆ ಒಂದಾಣೆಯಲ್ಲೇ. ಇಷ್ಟರಲ್ಲಿ ದುಡಿಯುವ ದೇಹ ಉಳಿಯುವುದಿಲ್ಲವೆಂದು ಮದರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಪಟ್ಟುಬಿಡದೆ ವಾದಿಸಿದರು. ಬಿಹಾರದಲ್ಲಿ ಜೀವ ಉಳಿಸಿದ ಅಧಿಕಾರಿಯನ್ನು ಖರ್ಚಿನ ಪಟ್ಟಿ ಹಿಡಿದು ಬೈದರೆ ಮುಂದಿನ ಬರದಲ್ಲಿ ಅವನು ಇನ್ನೇನು ಮಾಡಿಯಾನು? ಹಾಗೆಂದು ನಾನು ಟೆಂಪಲ್‌ನ ತಪ್ಪನ್ನು ಮನ್ನಿಸುತ್ತಿಲ್ಲ.

ಮೈಸೂರು ಸಂಸ್ಥಾನದಲ್ಲಿ 1871ರ ಗಣತಿಯಂತೆ 50 ಲಕ್ಷಕ್ಕೂ ಹೆಚ್ಚು ಜನರಿದ್ದರು. 1881ರಲ್ಲಿ ಎಣಿಸಿದಾಗ ಸಿಕ್ಕವರು 42 ಲಕ್ಷಕ್ಕೂ ಕಡಿಮೆ. ಬಳ್ಳಾರಿ, ಧಾರವಾಡ, ಕಲಾದಗಿಯವರ ಲೆಕ್ಕ ಇದರಲ್ಲಿ ಇಲ್ಲ. ಅವು ಬೇರೆ ಪ್ರಾಂತ್ಯಗಳ ಪಾಲಾಗಿದ್ದವು. ಆಮೇಲೆ 1880ರಲ್ಲಿ ಕ್ಷಾಮ ಆಯೋಗದ ವರದಿ ಬಂತು, ಬರ ಬಂದಾಗ ಸರ್ಕಾರ ಏನು ಮಾಡಬೇಕೆಂದು ಹೇಳುವ ಕ್ಷಾಮ ಸಂಹಿತೆಗಳೂ ಬಂದವು.

1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿತು. ಜೊತೆಗೆ, ಬರದ ಖರ್ಚಿಗೆಂದು ಭಾರತ ಸರ್ಕಾರದಿಂದ ಪಡೆದಿದ್ದ 80 ಲಕ್ಷ ರೂಪಾಯಿಯ ಸಾಲವೂ ಬಂತು. 1831ರಿಂದ ಐವತ್ತು ವರ್ಷ ಮೈಸೂರನ್ನು ಆಳಿದವರು ಬ್ರಿಟಿಷ್ ಕಮಿಷನರುಗಳು. ಸಾಲ ತೀರಿಸುವ ಹೊಣೆ ಮಾತ್ರ ಬರದಲ್ಲಿ ಬದುಕುಳಿದ ರೈತನ ಕಂದಾಯದ ಮೇಲೆ ಬಿತ್ತು.