ಫಿಕ್ಸೆಡ್ ರೇಟು, ನೋಡಿ ಹೇಳಿ

ಚಿಕ್ಕಪೇಟೆಯ ಸೀರೆ ಅಂಗಡಿಯವರು ‘ಫಿಕ್ಸೆಡ್ ರೇಟ್’ ಬೋರ್ಡಿಗೆ ಊದುಬತ್ತಿ ಹಚ್ಚುವುದೊಂದು ಬಾಕಿ. ನಮ್ಮ ದೊಡ್ಡಮ್ಮನಿಗೆ ಮಾತ್ರ ಆ ಬೋರ್ಡು ಕಂಡರೆ ಕುಸ್ತಿಗೆ ಕರೆದ ಹಾಗೆ.

“ಎಷ್ಟಪ್ಪಾ ಇದು?”

“1,850 ಅಮ್ಮಾ. ಫಿಕ್ಸೆಡ್ ರೇಟು.”

“ನೀನು ಫಿಕ್ಸ್ ಮಾಡ್ಕೊಂಡಿದೀಯ, ಸರಿ. ನಾನಿನ್ನೂ ಮಾಡಿಲ್ವಲ್ಲ! 1,200 ಮಾಡ್ಕೋ.”

ಅವನು ಬೋರ್ಡು ತೋರಿಸಿದ. ಇವರು ಎದ್ದು ಬಾಗಿಲಿಗೆ ಹೋದರು. ಹಾಸಿನ ಮೇಲೆ ಕೂತು ಸೀರೆ ನೋಡುವ ಅಂಗಡಿಗಳಲ್ಲಿ ಗಿರಾಕಿ ಚಪ್ಪಲಿ ಮೆಟ್ಟುವುದರೊಳಗೆ ರೇಟು ಇಳಿಯಬೇಕು. ಎರಡನೇ ಚಪ್ಪಲಿಗೂ ಕಾಲು ತೂರಿತೋ, ವ್ಯಾಪಾರ ಮುರಿದ ಹಾಗೆ. ದೊಡ್ಡಮ್ಮ ಎಡಗಾಲಿನದು ಮೆಟ್ಟಿ, ಕಣ್ಣೆದುರೇ ಇದ್ದ ಬಲಗಾಲಿನದನ್ನು ಹುಡುಕುತ್ತಾ ನಿಂತರು.

“ಬನ್ನಿ ಅಮ್ಮಾ, ಬೋಣಿ ಟೈಮು!”

ಆಗ ಸಂಜೆ ನಾಲ್ಕು ಗಂಟೆ. 1,450ಕ್ಕೆ ಕುದುರಿತು. ಫಾಲ್ಸ್ ಬಟ್ಟೆ ಬಿಟ್ಟಿ.

ಹಾಪ್‌ಕಾಮ್ಸ್‌ನಲ್ಲಿ ಈ ಆಟ ನಡೆಯಲ್ಲ. ದಿನದ ದರ ಬೋರ್ಡಿನ ಮೇಲಿರುತ್ತದೆ, ತೂಗಿ ಕೊಡುತ್ತಾರೆ, ಮುಗೀತು. ಅಲ್ಲಿಂದ ತಂದ ಬೀನ್ಸು ದೊಡ್ಡಮ್ಮನಿಗೆ ರುಚಿಸುವುದೇ ಇಲ್ಲ.

ಎಂಆರ್‌ಪಿ ಕಥೆ ಬೇರೆ. ಅದು ತೆರಿಗೆಯೆಲ್ಲ ಸೇರಿದ ಗರಿಷ್ಠ ಬೆಲೆ. ಅದಕ್ಕಿಂತ ಜಾಸ್ತಿ ತಗೊಳ್ಳುವಂತಿಲ್ಲ, ಕಮ್ಮಿಗೆ ಕೊಟ್ಟರೆ ಕಾನೂನು ಬೇಡ ಅನ್ನಲ್ಲ. ಯಾವ ಪುಣ್ಯಾತ್ಮರೋ ಇದನ್ನು ದೊಡ್ಡಮ್ಮನ ಕಿವಿಗೆ ಹಾಕಿದ್ದಾರೆ. ಸೂಪರ್ ಮಾರ್ಕೆಟ್ಟಿನಲ್ಲಿ ಬಿಲ್ ಹಾಕುವ ಹುಡುಗಿ, “ಕಂಪ್ಯೂಟರ್ ಒಪ್ಪಲ್ಲ ಆಂಟಿ” ಅಂದಳು.

“ಒಂದ್ಸಲ ಕೇಳಿ ನೋಡಮ್ಮಾ.”

ಕ್ಯೂನಲ್ಲಿದ್ದವರೆಲ್ಲ ನನ್ನನ್ನು ನೋಡಿದರು. ನಾನು ಚಾಕೊಲೇಟುಗಳನ್ನು ನೋಡಿದೆ.

ಸೀರೆ ಕೊಂಡ ದಿನ ಬಸವನಗುಡಿಗೆ ಆಟೋ ಹಿಡಿದೆವು. ಆಟೋ ದರ ಸರ್ಕಾರವೇ ಗೊತ್ತು ಮಾಡಿದ್ದು. 2025ರ ಆಗಸ್ಟ್‌ನಿಂದ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಡ್ರೈವರ್, “ಮೀಟರ್ ಮೇಲೆ ಇಪ್ಪತ್ತು ಕೊಡಿ” ಅಂದ. ದೊಡ್ಡಮ್ಮ ಕೆಂಡವಾದರು.

“ಏನಪ್ಪಾ ಇದು ಅನ್ಯಾಯ? ಫಿಕ್ಸೆಡ್ ರೇಟು ಅಂದ್ರೆ ಒಂದು ಬೆಲೆ ಬೇಡ್ವಾ?”

ನಾನು ಸೀರೆಯ ಕವರನ್ನು ಮೆತ್ತಗೆ ಕಾಲ ಕೆಳಗೆ ಸರಿಸಿದೆ.

ಕೊನೆಗೆ ಮೀಟರ್ ಮೇಲೆ ಹತ್ತು ಅಂತ ಒಪ್ಪಂದವಾಯಿತು. ಇಳಿಯುವಾಗ ಮೀಟರ್ 72. ಅಂದರೆ 82. ನಾನು ಫೋನ್ ತೆಗೆಯುವಷ್ಟರಲ್ಲಿ ದೊಡ್ಡಮ್ಮ ನೂರರ ನೋಟು ಕೊಟ್ಟಾಗಿತ್ತು. ಅವನು ಹತ್ತು ವಾಪಸು ಕೊಟ್ಟು, “ಎಂಟಕ್ಕೆ ಚಿಲ್ಲರೆ ಇಲ್ಲ ಅಮ್ಮಾ” ಅಂದವನೇ ಹೊರಟ.

ದೊಡ್ಡಮ್ಮ ಗೇಟು ತೆಗೆಯುತ್ತಾ ಬೆರಳು ಮಡಿಚಿ ಲೆಕ್ಕ ಹಾಕಿದರು.

“ಆದ್ರೂ ಎರಡು ರೂಪಾಯಿ ಉಳಿಸಿದೆ ನೋಡು.”